ಅಪ್ಪನ ಕುತ್ತಿಗೆಯ ಮೇಲಿನ ಗೆರೆ

ಸಮಾಧಾನ ಆದ ಮೇಲೆ ಬರೆಯೋಣ ಎಂದು ಮೂರು ವರ್ಷ ಕಾದೆ. ಆಗಲಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನನ್ನ ಮುಂದೆ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಪಿಯುಸಿ ಎರಡನೇ ವರ್ಷದ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ, ಭೌತಶಾಸ್ತ್ರದ ನೋಟ್ಸ್ ಬರೆದು ಉಳಿದ ಹಾಳೆಗಳಲ್ಲಿ ಅಪ್ಪನ ಕಾಯಿಲೆಯ ಲೆಕ್ಕ ಇಟ್ಟಿದ್ದೇನೆ. ಎಡಗಡೆ ವಾರ, ತಾರೀಕು. ನಡುವೆ ಚಿಕಿತ್ಸೆ ಎಷ್ಟನೆಯ ಸಲ ಎಂಬುದು. ಬಲಗಡೆ ಅಪ್ಪ ಆ ದಿನ ನುಂಗಿದ ಗಂಜಿ ಎಷ್ಟು ಚಮಚ ಎಂಬುದು. ಹೀಗೆ ಬರೆದಿಡುವುದು ಕಾಯಿಲೆಗಾಗಿ ಕಲಿತದ್ದಲ್ಲ. ಮೊದಲಿನಿಂದಲೂ ನನಗೆ ಈ ಚಟ. ಯಾವ ದಿನ ನಲ್ಲಿಯಲ್ಲಿ ನೀರು ಬಂತು, ಯಾವ ದಿನ ಬಸ್ಸು ಎಷ್ಟು ಹೊತ್ತು ತಡ, ಎಲ್ಲವನ್ನೂ ಬರೆಯುತ್ತಿದ್ದೆ. ಕಾಕಾಗೆ, ಅಂದರೆ ಅಪ್ಪನ ತಮ್ಮನಿಗೆ, ಇದೊಂದು ತಮಾಷೆ. "ಇಕಿಗೆ ಒಂದು ಸೀಟಿ ಕೊಡಸ್ರಿ, ಮುಂದ ಕಂಡಕ್ಟರ್ ಆಗ್ತಾಳ" ಎನ್ನುತ್ತಿದ್ದ.

ಅಪ್ಪ ಮತ್ತು ಕಾಕಾ ಕೊಟ್ಟೂರಿನಲ್ಲಿ ಬೋರ್ಡ್ ಬರೆಯುವವರು. ಫ್ಲೆಕ್ಸ್ ಆಗ ನಮ್ಮ ಕಡೆ ಬಂದಿರಲಿಲ್ಲ. ಕೂಡ್ಲಿಗಿಯ ಬಟ್ಟೆ ಅಂಗಡಿ, ಹಗರಿಬೊಮ್ಮನಹಳ್ಳಿಯ ಬೀಜ ಗೊಬ್ಬರದ ಅಂಗಡಿ, ತಂಬ್ರಹಳ್ಳಿಯ ಶಾಲೆಯ ಗೋಡೆ, ಹಿರೇಹಡಗಲಿಯ ಟ್ರ್ಯಾಕ್ಟರ್ ಟ್ರೇಲರ್, ಎಲ್ಲಿ ಅಕ್ಷರ ಬೇಕಾದರೂ ಇವರಿಬ್ಬರಿಗೆ ಕರೆ ಬರುತ್ತಿತ್ತು. ಅಕ್ಷರ ಅಪ್ಪನದು. ಗೆರೆ, ಅಂಚು, ಚೌಕಟ್ಟು ಕಾಕಾನದು. ದಾರಕ್ಕೆ ಸುಣ್ಣದ ಪುಡಿ ಸವರಿ, ಎರಡು ತುದಿ ಬಿಗಿಯಾಗಿ ಹಿಡಿದು, ನಡುವೆ ಎಳೆದು ಬಿಟ್ಟರೆ ಗೋಡೆಯ ಮೇಲೆ ನೇರ ಗೆರೆ ಬೀಳುತ್ತದೆ. ಅದರಲ್ಲಿ ಕಾಕಾನನ್ನು ಮೀರಿಸುವವರಿರಲಿಲ್ಲ. ಡೊಂಕು ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ಹರಪನಹಳ್ಳಿಗೆ ಹೆಣ್ಣು ನೋಡಲು ಹೋದಾಗ, ಹುಡುಗಿ ಚಹಾ ತರುವ ಹೊತ್ತಿಗೆ ಇವನು ಸ್ಟೂಲ್ ಹತ್ತಿ ಅವರ ಮನೆಯ ಗೋಡೆಯ ಫೋಟೋ ನೆಟ್ಟಗೆ ಮಾಡುತ್ತಿದ್ದನಂತೆ. ಆ ಹುಡುಗಿಯೇ ಈಗ ನನ್ನ ಕಾಕಿ.

ಅಪ್ಪನ ಬಲಗೈ ದಿನವಿಡೀ ತಲೆಯ ಮೇಲೆ ಇರುತ್ತಿತ್ತು. ಏಣಿಯ ಮೇಲೆ ನಿಂತು, ಎಡಗೈಯಲ್ಲಿ ಡಬ್ಬಿ ಹಿಡಿದು, ಬಲಗೈ ಎತ್ತಿ ಬರೆಯುವುದು. ಊಟಕ್ಕೆ ಕೂತಾಗಲೂ ಆ ಕೈ ಕೆಳಗೆ ಬರಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಈ ಬರಹ ಆ ಕೈಯ ಬಗ್ಗೆ.

ಒಂದು ಗುಟ್ಕಾ ಕಂಪನಿಯವರು ಆ ವರ್ಷಗಳಲ್ಲಿ ಹಡಗಲಿಯಿಂದ ಕೂಡ್ಲಿಗಿವರೆಗೆ ರಸ್ತೆ ಬದಿಯ ಗೋಡೆಗಳನ್ನೆಲ್ಲ ಹಳದಿ ಬಳಿಸಿದರು. ಬಳಿದವರು ಇವರೇ. ಬಣ್ಣದ ಡಬ್ಬಿಯ ಜೊತೆ ಗುಟ್ಕಾ ಚೀಟಿಗಳ ಸರವೂ ಬರುತ್ತಿತ್ತು, ಪುಕ್ಕಟೆ. ಅಪ್ಪ ಏಣಿಯ ಮೇಲಿಂದ ಇಳಿಯದೆ ಒಂದೊಂದೇ ಹರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ನಾನು ಒಂದು ಭಾನುವಾರ ಏಣಿಯ ಕೆಳಗೆ ಬಿದ್ದ ಖಾಲಿ ಚೀಟಿ ಎಣಿಸಿದ್ದೆ: ಹತ್ತೊಂಬತ್ತು. ಬರೆದಿಟ್ಟೆ. ಅದನ್ನು ಯಾರಿಗೂ ಓದಿ ಹೇಳಲಿಲ್ಲ. ಆ ಸಿಟ್ಟು ನನ್ನ ಮೇಲಿನದು, ಅದು ಬೇರೆ.

ನೋವು ಶುರುವಾದದ್ದು ಕಿವಿಯಲ್ಲಿ. ಬಲಗಿವಿ. ನಮಗೆ ಸಮೀಪದ ಪಟ್ಟಣದ ಒಬ್ಬ ಡಾಕ್ಟರು ಕಿವಿಗೆ ಹನಿ ಬರೆದುಕೊಟ್ಟರು. ಒಂದು ಬಾಟಲಿ ಮುಗಿಯಿತು, ಇನ್ನೊಂದು ಕೊಟ್ಟರು. ಹನ್ನೊಂದು ವಾರ, ನಾಲ್ಕು ಬಾಟಲಿ. ಈ ಹನ್ನೊಂದು ವಾರಗಳಲ್ಲಿ "ಬಾಯಿ ತೆಗಿ" ಎಂದು ಅವರು ಒಮ್ಮೆಯೂ ಹೇಳಲಿಲ್ಲ. ನುಂಗುವಾಗ ನೋಯುತ್ತದೆ ಎಂದು ಅಪ್ಪ ಹೇಳಿದ್ದ. "ಕಿವಿ ಸೋಂಕು ಗಂಟಲಿಗೂ ಇಳಿಯುತ್ತೆ" ಎಂದರು. ಕೆಂಪಾದ ಹಲ್ಲು ಎದುರಿಗೇ ಕಾಣುತ್ತಿದ್ದರೂ ಬಂದವರಿಗೆಲ್ಲ ಕೊಡುವ ಹನಿಯನ್ನೇ ಕೊಟ್ಟರು. ಕಡೆಗೆ ಕುತ್ತಿಗೆಯ ಬಲಗಡೆ, ಕಿವಿಯಿಂದ ಮೂರು ಬೆರಳು ಕೆಳಗೆ ಮತ್ತು ಸ್ವಲ್ಪ ಹಿಂದೆ, ಅವರೆಕಾಳಿನಷ್ಟು ಗಂಟು ಅವ್ವನ ಕೈಗೆ ಸಿಕ್ಕಿತು. ತಲೆಗೆ ಎಣ್ಣೆ ಹಚ್ಚುವಾಗ.

ದೊಡ್ಡ ಆಸ್ಪತ್ರೆ ಇದ್ದ ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನನ್ನ ಬೈಗುಳ ಇಡೀ ಊರಿಗೆ ತಗಲುತ್ತದೆ. ನಾಲಗೆಯ ಬುಡದಲ್ಲಿ ಕ್ಯಾನ್ಸರ್, ಕುತ್ತಿಗೆಯ ಗಂಟಿಗೂ ಅದೇ ಇಳಿದಿದೆ ಎಂದು ಅಲ್ಲಿ ಗೊತ್ತಾಯಿತು. ಅಲ್ಲಿಯೇ ಒಬ್ಬ ಸಣ್ಣ ಡಾಕ್ಟರಮ್ಮ ಸಿಕ್ಕರು. ವಯಸ್ಸಿನಲ್ಲಿ ಸಣ್ಣವರು, ಹಾಗಾಗಿ ನಾವು ಹಾಗೆ ಕರೆಯುತ್ತಿದ್ದೆವು. ನಾನು ಇದುವರೆಗೆ ಕಂಡ ಡಾಕ್ಟರುಗಳಲ್ಲಿ ಅಪ್ಪನಿಗೆ ಈ ಪ್ರಶ್ನೆ ಕೇಳಿದವರು ಅವರೊಬ್ಬರೇ.

"ಏನು ಕೆಲಸ ಮಾಡ್ತೀರಿ?"

"ಬೋರ್ಡ್ ಬರೀತೀನ್ರಿ."

"ಹೇಗೆ ಬರೀತೀರಿ, ತೋರಿಸಿ."

ಅಪ್ಪ ಎದ್ದು ನಿಂತು, ಅವರ ಕೋಣೆಯ ಗೋಡೆಯ ಕಡೆ ತಿರುಗಿ, ಬಲಗೈ ಎತ್ತಿದ. ಅವರು ಆ ಕೈಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನಮ್ಮನ್ನು ಕೂರಿಸಿ ಹೇಳಿದರು. ಇದಕ್ಕೆ ಎರಡು ದಾರಿ. ಕುತ್ತಿಗೆ ಕೊಯ್ದು ಗಂಟುಗಳನ್ನು ತೆಗೆಯುವುದು ಒಂದು. ಭುಜ ಎತ್ತುವ ನರ ಅಲ್ಲೇ ಹಾದು ಹೋಗುತ್ತದೆ. ಗಂಟಿನ ಜೊತೆ ನರ ಹೋದರೆ ಕೈ ತಲೆಯ ಮೇಲೆ ಏಳುವುದಿಲ್ಲ. ಇನ್ನೊಂದು ದಾರಿ ಕಿರಣ ಕೊಡುವುದು. ನಮ್ಮ ಕಡೆ ಇದಕ್ಕೆ ಕರೆಂಟ್ ಕೊಡಿಸೋದು ಎನ್ನುತ್ತಾರೆ. ನೀವು ಗುಮಾಸ್ತರಾಗಿದ್ದರೆ ಮೊದಲಿನದನ್ನೇ ಹೇಳುತ್ತಿದ್ದೆನೇನೋ, ನಿಮಗೆ ಎರಡನೆಯದು ನೋಡೋಣ, ಗಂಟು ಇನ್ನೂ ಸಣ್ಣದು ಎಂದರು. ಮೂವತ್ತಮೂರು ಸಲ. ಸೋಮವಾರದಿಂದ ಶುಕ್ರವಾರ.

ಹೊರಗೆ ಬಂದ ಮೇಲೆ ಅಪ್ಪ ಅವ್ವನಿಗೆ ಹೇಳಿದ: "ನನ್ನ ಕೈ ನೋಡಿ ಔಷಧಿ ಕೊಡಾಕತ್ಯಾಳ ನೋಡು ಆಕಿ." ಅವನಿಗೆ ಅದೇ ದೊಡ್ಡ ಧೈರ್ಯ.

ಕರೆಂಟ್ ಶುರುವಾಗುವ ಮುನ್ನ ಕುತ್ತಿಗೆಯ ಎರಡೂ ಬದಿಗೆ ನೇರಳೆ ಔಷಧಿಯಲ್ಲಿ ಗೆರೆ ಎಳೆದರು. ಗೆರೆಯ ಒಳಗೆ ಮಾತ್ರ ಕಿರಣ ಬೀಳಬೇಕು. ಹೊರಗೆ ಬೀಳದಂತೆ ಮಷಿನ್ನಿನ ಬಾಯಿಗೆ ಒಂದು ತಟ್ಟೆ, ಅದರ ಮೇಲೆ ಸೀಸದ ಗಟ್ಟಿಗಳು. ಮಷಿನ್ ನಡೆಸುವವನು ದಿನವೂ ಕುತ್ತಿಗೆಯ ಗೆರೆ ನೋಡಿಕೊಂಡು ಆ ಗಟ್ಟಿಗಳನ್ನು ಕೈಯಿಂದ ಜೋಡಿಸುತ್ತಿದ್ದ. ಎಡಗಡೆಯ ಗೆರೆ ಎಲ್ಲರಿಗೂ ಎಳೆಯುವಂಥದ್ದೇ, ನೇರ. ಬಲಗಡೆಯ ಗೆರೆಯನ್ನು ಸಣ್ಣ ಡಾಕ್ಟರಮ್ಮ ತಾವೇ ಎಳೆದರು. ಗಂಟು ಸಿಗುವ ಜಾಗದಲ್ಲಿ ಬೆರಳಿಟ್ಟು, ಒತ್ತಿ ನೋಡಿ, ಗೆರೆಯನ್ನು ಅಷ್ಟು ದೂರ ಹಿಂದಕ್ಕೆ ಉಬ್ಬಿಸಿ, ಬೆನ್ನುಹುರಿಗೆ ತಾಗದಂತೆ ಮತ್ತೆ ಮುಂದಕ್ಕೆ ತಂದರು. ಎರಡು ಸಲ ಅಳಿಸಿ ಎಳೆದರು. ಒಟ್ಟು ಇಪ್ಪತ್ತು ನಿಮಿಷ. ಹೊರಗೆ ಕಾಯುತ್ತಿದ್ದವರು ಗೊಣಗುವಷ್ಟು ಹೊತ್ತು. ಆ ಉಬ್ಬು ಯಾಕೆ ಎಂದು ಅವರು ನಮಗೆ ಹೇಳಲಿಲ್ಲ. ನಾವು ಕೇಳಲಿಲ್ಲ.

ನರ್ಸ್ ಒಂದು ಅಚ್ಚಾದ ಹಾಳೆ ಕೊಟ್ಟಳು. ಹಾಲು ಕುಡಿಸಿ, ಮೊಟ್ಟೆ ತಿನ್ನಿಸಿ, ಖಾರ ಬೇಡ, ಗೆರೆ ಅಳಿಸಬಾರದು. ಗಂಟಲಿನವರಿಗೂ ಅದೇ ಹಾಳೆ, ಎದೆಯವರಿಗೂ ಅದೇ ಹಾಳೆ. ನುಂಗಲು ಬಾರದವನಿಗೆ ಮೊಟ್ಟೆ ತಿನ್ನಿಸುವುದು ಹೇಗೆ ಎಂದು ಕೇಳಿದೆ. "ಹಾಳೆಯೊಳಗ ಎಲ್ಲಾ ಐತಿ, ಓದ್ಕೋ" ಎಂದಳು.

ವಾರವಿಡೀ ಆಸ್ಪತ್ರೆಯ ಹತ್ತಿರ ಒಂದು ಛತ್ರದ ಕೋಣೆಯಲ್ಲಿ ಇರುತ್ತಿದ್ದೆವು. ಶುಕ್ರವಾರ ಮಧ್ಯಾಹ್ನ ಬಸ್ಸು ಹತ್ತಿ, ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ, ಕೊಟ್ಟೂರಿಗೆ ಬರುತ್ತಿದ್ದೆವು. ಸುಡುವ ಬೇಸಿಗೆ. ಅಪ್ಪ ಕುತ್ತಿಗೆ ಅಲುಗಿಸದೆ, ಕಾಲರ್ ತಾಗದಂತೆ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿಕೊಂಡು, ಗಂಟೆಗಟ್ಟಲೆ ನೆಟ್ಟಗೆ ಕೂರುತ್ತಿದ್ದ. ಸ್ನಾನ ಸೊಂಟದ ಕೆಳಗೆ ಮಾತ್ರ. ಗೆರೆ ಅಳಿಸಬಾರದು ಎಂಬ ಮಾತನ್ನು ನಮ್ಮಷ್ಟು ನಿಷ್ಠೆಯಿಂದ ಯಾರೂ ಪಾಲಿಸಿರಲಾರರು.

ಹತ್ತನೆಯ ಸಲ ಮುಗಿದ ವಾರ ಗೆರೆ ಬೆವರಿಗೆ ಹರಡಿತು. ಭಾನುವಾರ ಬೆಳಿಗ್ಗೆ ಅಪ್ಪ ಪಡಸಾಲೆಯಲ್ಲಿ ಕೂತಿದ್ದ. ಕಾಕಾ ಬಂದು ಅವನ ಕುತ್ತಿಗೆ ನೋಡಿದ.

"ಯಣ್ಣಾ, ಇದೇನೋ ಅಳಿಸಾಕತ್ತೈತಲ್ಲೋ. ನಾಳಿ ಅವ್ರು ಬೈತಾರ."

"ಹೌದೋ. ಏನ್ಮಾಡ್ಲಿ, ಬೆವರು."

"ಮತ್ತ ಇವ್ರು ಎಳದಿದ್ದಾದ್ರೂ ಏನು ಗೆರಿ? ಈ ಕಡಿ ನೋಡು, ನೆಟ್ಟಗ ಐತಿ. ಈ ಕಡಿ ಹೊಟ್ಟಿ ಬಂದಂಗ ಆಗೇತಿ. ಕಾಲಾಗ ಎಳದಾರೇನು?"

ಅಪ್ಪ ನಕ್ಕ. ಆಗಿನ್ನೂ ನಗಲು ಬರುತ್ತಿತ್ತು. "ಎಲ್ಲಾರ್ಗೂ ನಿನ್ನ ಕೈ ಇರ್ತೈತೇನಲೇ?"

ಕಾಕಾ ಔಷಧಿ ಅಂಗಡಿಗೆ ಹೋಗಿ ಬಾಯಿಹುಣ್ಣಿಗೆ ಹಚ್ಚುವ ನೇರಳೆ ಔಷಧಿಯ ಪುಟ್ಟ ಬಾಟಲಿ ತಂದ. ನಂಬರ್ ಪ್ಲೇಟಿನ ಅಂಚು ಬರೆಯುವ ಸಣ್ಣ ಬ್ರಷ್ ತೊಳೆದು ಒರೆಸಿದ. ನಾನು ಒಂದು ಪೋಸ್ಟ್ ಕಾರ್ಡ್ ತಂದು ಅಪ್ಪನ ಕುತ್ತಿಗೆಗೆ ಅಂಚು ಮಾಡಿ ಹಿಡಿದೆ. ನಾನೇ ಹಿಡಿದೆ. ಎರಡೂ ಬದಿಗೆ ಕಾಕಾ ಉಸಿರು ಬಿಗಿಹಿಡಿದು ಎಳೆದ. ಹಳೆಯ ಉಬ್ಬನ್ನು ಹತ್ತಿಯಿಂದ ಒರೆಸಿ ತೆಗೆದ. ಅವ್ವ ಕನ್ನಡಿ ಹಿಡಿದು ತೋರಿಸಿದಳು. ಅಪ್ಪ ತನ್ನ ಕುತ್ತಿಗೆಯನ್ನು ಬೋರ್ಡ್ ನೋಡಿದಂತೆ ಅತ್ತ ಇತ್ತ ತಿರುಗಿಸಿ ನೋಡಿ, "ಚೊಲೊ ಬಂತು" ಎಂದ. ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲು ಹೀಗಿದೆ: "ಭಾನುವಾರ. ಕಾಕಾ ಗೆರೆ ನೆಟ್ಟಗೆ ಮಾಡಿದ. ಎರಡೂ ಬದಿ ಸಮ. ಗಂಜಿ ಹದಿನಾಲ್ಕು ಚಮಚ."

ಸೋಮವಾರ ಹನ್ನೊಂದನೆಯ ಸಲ. ಮಷಿನ್ನಿನವನು ಗೆರೆ ನೋಡಿದ. "ಆಹಾ, ಈಗ ಚೆಂದ ಕಾಣ್ತದೆ, ಯಾರು ಬರೆದರು?" ಎಂದವನೇ ಸೀಸದ ಗಟ್ಟಿಯನ್ನು ನೇರವಾಗಿ ಇಟ್ಟ. ಅವನ ಮೊಣಕೈಯ ಕೆಳಗೆ ಅಪ್ಪನ ಫೈಲು ಇತ್ತು. ಅದರ ಎರಡನೆಯ ಹಾಳೆಯಲ್ಲಿ ಕುತ್ತಿಗೆಯ ಚಿತ್ರ, ಚಿತ್ರದಲ್ಲಿ ಉಬ್ಬು, ಉಬ್ಬಿನ ಪಕ್ಕ ಸಣ್ಣ ಡಾಕ್ಟರಮ್ಮನ ಬರಹ. ಇದು ನನಗೆ ಆಮೇಲೆ ಗೊತ್ತಾಯಿತು. ಅವನು ಮೊದಲ ಹಾಳೆಯಲ್ಲಿ ಒಂದು ಟಿಕ್ ಹಾಕಿ ಫೈಲು ಮುಚ್ಚಿದ. ಮರುದಿನವೂ ಹಾಗೆಯೇ, ಅದರ ಮರುದಿನವೂ.

ಸಣ್ಣ ಡಾಕ್ಟರಮ್ಮ ಆ ದಿನಗಳಲ್ಲಿ ಇರಲಿಲ್ಲ. ಯಾವುದೋ ಪರೀಕ್ಷೆ ಬರೆಯಲು ಹೋಗಿದ್ದರು. ವಾರಕ್ಕೊಮ್ಮೆ ನೋಡುವವರು ಬೇರೆ ಯಾರೋ ಇದ್ದರು. ಅವರು ಬಾಯಿಯೊಳಗೆ ಟಾರ್ಚ್ ಬಿಟ್ಟು, "ಹುಣ್ಣು ಎಲ್ಲರಿಗೂ ಆಗುತ್ತೆ" ಎಂದು ಹೇಳಿ ಮುಂದಿನವರನ್ನು ಕರೆಯುತ್ತಿದ್ದರು. ಎಲ್ಲರಿಗೂ. ಆ ಆಸ್ಪತ್ರೆಯಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಅದು. ನೋವಾ, ಎಲ್ಲರಿಗೂ ಇರುತ್ತೆ. ರುಚಿ ಇಲ್ಲವಾ, ಎಲ್ಲರಿಗೂ ಹೋಗುತ್ತೆ. ಚಮಚದ ಲೆಕ್ಕ ತೋರಿಸಿದೆ. ಹದಿನಾಲ್ಕರಿಂದ ಒಂಬತ್ತು, ಒಂಬತ್ತರಿಂದ ಐದು. ಅವರು ನೋಟ್‌ಬುಕ್ ತಿರುಗಿಸಿ ಹಿಂದಿನ ಪುಟದ ಭೌತಶಾಸ್ತ್ರ ಓದಿ, "ನಿನ್ನ ಅಕ್ಷರ ಚೆನ್ನಾಗಿದೆ" ಎಂದರು. ನನಗೆ ಹೊಗಳಿಕೆ ಬೇಕಾಗಿರಲಿಲ್ಲ.

ಮುಂದಿನ ಭಾನುವಾರ ಕಾಕಾ ಗೆರೆಗೆ ಮತ್ತೊಮ್ಮೆ ಬಣ್ಣ ಕೊಟ್ಟ. ಅದರ ಮರುದಿನ ಅವ್ವನ ಬದಲು ಅವನೇ ನಮ್ಮ ಜೊತೆ ಬಂದ. ಆ ವಾರದ ಗುರುವಾರ, ಹತ್ತೊಂಬತ್ತನೆಯ ಸಲಕ್ಕೆ ಅಪ್ಪ ಸಾಲಿನಲ್ಲಿ ಕೂತಿದ್ದಾಗ, ಸಣ್ಣ ಡಾಕ್ಟರಮ್ಮ ಬಂದರು. ನಗುತ್ತಾ ಬಂದವರು ಅಪ್ಪನ ಕುತ್ತಿಗೆ ನೋಡಿ ನಿಂತುಬಿಟ್ಟರು.

"ಇದನ್ನ ಯಾರು ಬರೆದದ್ದು?"

ಕಾಕಾ ಎದ್ದ. ಅವನ ಮುಖ ನನಗೆ ಇನ್ನೂ ಕಾಣುತ್ತದೆ. ಅಂಗಡಿಯವನು ಹೊಸ ಬೋರ್ಡ್ ನೋಡಿ ಹೊಗಳುವಾಗ ಇರುವ ಮುಖ. "ನಾನ್ರೀ ಮೇಡಂ. ಬಣ್ಣ ಮಸಕಾಗಿತ್ತು, ಡೊಂಕೂ ಆಗಿತ್ತು. ಈಗ ಚೊಲೊ ಬಂದೈತಲ್ರಿ?"

ಅವರು ಅಪ್ಪನ ಕುತ್ತಿಗೆಗೆ ಬೆರಳಿಟ್ಟರು. ಗಂಟು ಗೆರೆಯ ಹೊರಗಿತ್ತು. ಅರ್ಧ ಬೆರಳಿನಷ್ಟು ಹೊರಗೆ, ಸೀಸದ ನೆರಳಿನಲ್ಲಿ.

ಆಮೇಲೆ ನಮ್ಮನ್ನು ತಮ್ಮ ಮೇಲಿನ ದೊಡ್ಡ ಡಾಕ್ಟರ ಕೋಣೆಗೆ ಕರೆದೊಯ್ದರು. ಮಷಿನ್ನಿನವನೂ ಬಂದ. ದೊಡ್ಡ ಡಾಕ್ಟರು ಮೊದಲು ಹೇಳಿದ್ದು, "ಈ ಹಳ್ಳಿ ಜನ!" ಮಷಿನ್ನಿನವನು, "ಗೆರೆ ಇದ್ದ ಹಾಗೆ ಸೀಸ ಇಟ್ಟಿದ್ದೀನಿ ಸಾರ್, ನಂದೇನಿದೆ?" ಎಂದ. ಫೈಲಿನ ಎರಡನೆಯ ಹಾಳೆಯನ್ನು ಸಣ್ಣ ಡಾಕ್ಟರಮ್ಮ ಅವನ ಮುಂದೆ ಬಿಚ್ಚಿಟ್ಟರು. ಅವನು ಮೇಜಿನ ಕಾಲು ನೋಡಿದ. ದೊಡ್ಡ ಡಾಕ್ಟರು ಅವನಿಗೆ ಏನೂ ಅನ್ನಲಿಲ್ಲ. ಕಾಕಾನ ಕಡೆ ತಿರುಗಿ, "ಯಾವತ್ತಿನಿಂದ? ಅದನ್ನಾದ್ರೂ ಸರಿಯಾಗಿ ಹೇಳಿ. ಎಷ್ಟು ಸಲ ತಪ್ಪಿದೆ ಅಂತ ಗೊತ್ತಾದ್ರೆ ಅಷ್ಟನ್ನು ಆ ಜಾಗಕ್ಕೆ ತುಂಬಬಹುದು" ಎಂದರು.

"ಕೇಳಿ ಹೇಳ್ತೀನ್ರಿ" ಎಂದು ಕಾಕಾ ನನ್ನ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದ.

"ಮೊನ್ನಿ ಭಾನುವಾರ ಅಂತ ಹೇಳೂಣು. ಮೂರು ಸಲ ಆಗ್ತೈತಿ."

"ಎಂಟು ಕಾಕಾ."

"ಗೊತ್ತೈತಿಲೇ ನನಗ. ಎಂಟಂದ್ರ ಮನಿಗಿ ಕಳಸ್ತಾರ. ಕರೆಂಟ್ ಕೊಡೂದಿಲ್ಲ ಅಂತಾರ. ಮೂರಂದ್ರ ನಡೀತೈತಿ."

"ಮೂರು ಅಂದ್ರ ಮೂರೇ ತುಂಬ್ತಾರ. ಉಳದ ಐದು ಯಾರು ತುಂಬ್ತಾರ, ನೀನೇನು?"

"ನಿನ್ನ ಕಾಲಿಗಿ ಬೀಳ್ತೀನಿ, ಅಣ್ಣನ ಮುಂದ ಎಂಟು ಅನ್ನಬ್ಯಾಡ."

ನನಗಿಂತ ಹದಿನೈದು ವರ್ಷ ದೊಡ್ಡವನು, ನನ್ನನ್ನು ಹೆಗಲ ಮೇಲೆ ಹೊತ್ತು ಜಡೆಯ ಬೈತಲೆ ನೆಟ್ಟಗೆ ತೆಗೆದವನು, ನಿಜವಾಗಿಯೂ ಬಗ್ಗಿದ. ಆ ಕ್ಷಣದಲ್ಲಿ ಅವನ ಮೇಲೆ ನನಗೆ ಬಂದ ಸಿಟ್ಟು ಆ ಹಿಂದೆ ಯಾರ ಮೇಲೂ ಬಂದಿರಲಿಲ್ಲ. ಗೆರೆ ಎಳೆದದ್ದಕ್ಕೆ ಅಲ್ಲ. ಎಣಿಕೆ ಕದಿಯಲು ಹೊರಟದ್ದಕ್ಕೆ. ಜೊತೆಗೆ, ಪೋಸ್ಟ್ ಕಾರ್ಡ್ ಹಿಡಿದವಳು ನಾನು ಎಂಬುದನ್ನು ಅವನು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲವಲ್ಲ, ಅದಕ್ಕೂ ಸಿಟ್ಟು ಬಂತು.

ಒಳಗೆ ಹೋಗಿ ನೋಟ್‌ಬುಕ್ ಮೇಜಿನ ಮೇಲಿಟ್ಟೆ. ಭಾನುವಾರದ ಸಾಲಿನ ಮೇಲೆ ಬೆರಳಿಟ್ಟೆ. ಹನ್ನೊಂದನೆಯ ಸಲದಿಂದ ಹದಿನೆಂಟನೆಯವರೆಗೆ, ಎಂಟು. ದೊಡ್ಡ ಡಾಕ್ಟರು ಓದಿ, ಮತ್ತೆ ಓದಿ, ಕಾಕಾನನ್ನು ನೋಡಿದರು. ಅಪ್ಪ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಎಲ್ಲ ಕೇಳುತ್ತಿದ್ದ. ಬಾಯಿ ತುಂಬ ಹುಣ್ಣು. ಆದರೂ ಮಾತಾಡಿದ.

"ಬೈಬ್ಯಾಡ್ರಿ ಅವಂಗ. ನಾನೂ ಕನ್ನಡ್ಯಾಗ ನೋಡಿ ಚೊಲೊ ಆಗೇತಿ ಅಂದೀನಿ. ಡೊಂಕಾಗಿ ಯಾಕ ಎಳದೀರಿ ಅಂತ ಹೇಳಿದ್ರ, ಡೊಂಕಾಗೇ ಇಟ್ಕೊಂತಿದ್ವಿ."

ಸಣ್ಣ ಡಾಕ್ಟರಮ್ಮ ತಲೆ ತಗ್ಗಿಸಿದರು. ಅಲ್ಲಿದ್ದವರಲ್ಲಿ ತಲೆ ತಗ್ಗಿಸಿದವರು ಅವರೊಬ್ಬರೇ. ಮೊದಲು ತಗ್ಗಿಸಬೇಕಾದವರು ಅವರಲ್ಲ.

ಅದೇ ದಿನ ಉಬ್ಬನ್ನು ಮತ್ತೆ ಬರೆದರು. ತಪ್ಪಿದ ಎಂಟನ್ನು ಆ ಜಾಗಕ್ಕೆ ಮಾತ್ರ, ಚಿಕ್ಕ ಚೌಕ ಮಾಡಿ, ಕೊನೆಯಲ್ಲಿ ಸೇರಿಸಿದರು. ಇದು ಮೊದಲೇ ಸರಿಯಾಗಿ ಕೊಟ್ಟಷ್ಟು ಚೆನ್ನಾಗಿ ಕೆಲಸ ಮಾಡುತ್ತದಾ ಎಂದು ಕೇಳಿದೆ. "ಅಷ್ಟೇ ಅಂತ ಹೇಳಲಾರೆ" ಎಂದರು ಸಣ್ಣ ಡಾಕ್ಟರಮ್ಮ. ಮೂವತ್ತಮೂರು ಹೋಗಿ ನಲವತ್ತೊಂದು ಸಲ ಆಯಿತು. ಕೊನೆಯ ವಾರ ಗಂಜಿ ಎರಡು ಚಮಚ. ಒಂದು ದಿನ ಸೊನ್ನೆ.

ಎರಡು ತಿಂಗಳ ನಂತರ ನಾಲಗೆಯ ಬುಡ ಸ್ವಚ್ಛವಾಗಿತ್ತು. ಕುತ್ತಿಗೆಯ ಗಂಟು ಮಾತ್ರ ಪೂರ್ತಿ ಕರಗಿರಲಿಲ್ಲ. ಕೊಯ್ದು ತೆಗೆಯಲೇಬೇಕು ಎಂದರು. ಯಾವುದನ್ನು ತಪ್ಪಿಸಲು ಇಷ್ಟೆಲ್ಲ ಮಾಡಿದೆವೋ ಅದಕ್ಕೇ ಬಂದು ನಿಂತೆವು.

ಕೊಯ್ಯುವ ಡಾಕ್ಟರು ಬೇರೆ. ತಾವು ಗಂಟು, ನರ, ಸ್ನಾಯು ಎಲ್ಲ ಸೇರಿಸಿ ತೆಗೆಯುವವರು, ಎಲ್ಲರಿಗೂ ಹಾಗೆಯೇ ಮಾಡುವುದು ಎಂದರು. ಮತ್ತೆ ಅದೇ ಮಾತು. ಸಣ್ಣ ಡಾಕ್ಟರಮ್ಮ ನಡುವೆ ಬಂದು, "ಸಾರ್, ಇವರು ಕೈ ಎತ್ತಿ ಕೆಲಸ ಮಾಡುವವರು, ನರ ಬಿಡಲು ಆಗುತ್ತಾ ನೋಡಿ" ಎಂದರು. ಅವರು ಕನ್ನಡಕದ ಮೇಲಿಂದ ನೋಡಿ, "ಜೀವ ಮುಖ್ಯಾನೋ ಬೋರ್ಡ್ ಮುಖ್ಯಾನೋ?" ಎಂದರು. ಅವ್ವ ಕೂಡಲೇ, "ಜೀವಾರಿ, ಜೀವ ಉಳಸ್ರಿ ಸಾಕು" ಎಂದಳು. ಕಾಕಾ ಗೋಡೆಗೆ ಮುಖ ಮಾಡಿ ನಿಂತಿದ್ದ. ಅಪ್ಪನನ್ನು ಯಾರೂ ಕೇಳಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಅಪ್ಪನ್ನ ಕೇಳ್ರಿ. ಕೈ ಅವನದು."

ಅಪ್ಪನ ಧ್ವನಿ ಆಗ ಒಣಗಿ ಕೀರಲಾಗಿತ್ತು. ನಿಧಾನಕ್ಕೆ ಹೇಳಿದ: "ಗಂಟಿಗೆ ಅಂಟಿದ್ರ ಕಡೀರಿ. ಅಂಟಿರಲಿಲ್ಲಂದ್ರ ಮುಟ್ಟಬ್ಯಾಡ್ರಿ. ಸುಮ್ನ ರೂಢಿಗಂತ ಕಡೀಬ್ಯಾಡ್ರಿ."

ಅವರು ತಲೆಯಾಡಿಸಿದರು. ಅದು ಒಪ್ಪಿಗೆಯೋ, ಮಾತು ಮುಗಿಸುವ ರೀತಿಯೋ ನನಗೆ ಗೊತ್ತಾಗಲಿಲ್ಲ.

ಐದು ಗಂಟೆ ಇಪ್ಪತ್ತು ನಿಮಿಷ. ಹೊರಗೆ ಬಂದವರು ನಡೆಯುತ್ತಲೇ ಹೇಳಿದರು: "ಅಂಟಿತ್ತು. ತೆಗೆದಿದ್ದೀನಿ." ಅಷ್ಟೇ. ಅಂಟಿತ್ತೋ ಇಲ್ಲವೋ ನೋಡಲು ನಾನು ಒಳಗಿರಲಿಲ್ಲ. ಸಣ್ಣ ಡಾಕ್ಟರಮ್ಮನನ್ನು ಹುಡುಕಿ ಕೇಳಿದೆ. ಆ ಎಂಟು ಸಲ ತಪ್ಪದಿದ್ದರೆ ಗಂಟು ಉಳಿಯುತ್ತಿರಲಿಲ್ಲವಾ? ಅವರು ಹೇಳಿದರು: "ತಪ್ಪದಿದ್ದರೂ ಉಳಿಯಬಹುದಿತ್ತು. ತಪ್ಪಿದ್ದರಿಂದಲೇ ಉಳಿದಿರಲೂಬಹುದು. ನಿನ್ನ ಹತ್ತಿರ ಸುಳ್ಳು ಹೇಳಲ್ಲ, ನನಗೆ ಗೊತ್ತಿಲ್ಲ." ಅವರ ಮೇಲೂ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಹೆಚ್ಚು ದಿನ ನಿಲ್ಲಲಿಲ್ಲ.

ಕಾಕಾ ಮೆಟ್ಟಿಲ ಮೇಲೆ ಕಾಯುತ್ತಿದ್ದ. "ಏನಂದ್ರು? ನನ್ನಿಂದ ಅಂತ ಅಂದ್ರೇನು?" ಇಲ್ಲ ಕಾಕಾ, ನಿನ್ನಿಂದ ಅಲ್ಲ ಎಂದು ಹೇಳಿದ್ದರೆ ಅವನು ಆ ದಿನ ಊಟ ಮಾಡುತ್ತಿದ್ದ. ನಾನು ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಒಪ್ಪಿಸಿದೆ. ಎರಡೂ ಭಾಗ. ಅವನು ಮೊದಲ ಭಾಗ ಕೇಳಿಸಿಕೊಳ್ಳಲಿಲ್ಲ.

ಮನೆಗೆ ಬಂದ ಮೇಲೆ ಮಾಡಲು ವ್ಯಾಯಾಮ ಹೇಳಿಕೊಟ್ಟಿದ್ದರು. ಗೋಡೆಗೆ ಎದುರಾಗಿ ನಿಂತು, ಬಲಗೈ ಬೆರಳುಗಳನ್ನು ಗೋಡೆಯ ಮೇಲೆ ಒಂದೊಂದೇ ಮೇಲಕ್ಕೆ ಹತ್ತಿಸುವುದು. ಬೆರಳು ನಿಂತಲ್ಲಿ ಪೆನ್ಸಿಲ್ಲಿನಿಂದ ಗುರುತು ಮಾಡಿ ತಾರೀಕು ಬರೆಯುವುದು ನನ್ನ ಕೆಲಸ. ಮೊದಲ ದಿನ ಎದೆಯ ಮಟ್ಟ. ಮೂರನೆಯ ವಾರ ಗದ್ದದ ಮಟ್ಟ. ಆಮೇಲೆ ಅಲ್ಲೇ. ಆರು ವಾರ ಗುರುತುಗಳೆಲ್ಲ ಒಂದರ ಮೇಲೊಂದು ಬಿದ್ದು, ತಾರೀಕು ಬರೆಯಲು ಜಾಗ ಸಾಲದೆ ಪಕ್ಕಕ್ಕೆ ಬರೆದೆ.

ಒಂದು ಬೆಳಿಗ್ಗೆ ಅಪ್ಪ ಗೋಡೆಗೆ ನಿಂತಿದ್ದ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಎತ್ತುತ್ತಿದ್ದ. ಕಾಕಾ ನನ್ನ ಹಿಂದೆ ಬಂದು ಕಿವಿಯ ಹತ್ತಿರ ಪಿಸುಗುಟ್ಟಿದ: "ಒಂದೆರಡು ಬೆಳ್ಳು ಮ್ಯಾಲೆ ಹಾಕಲೇ. ಅವಂಗೇನು ಕಾಣ್ತೈತಿ? ಒಂದೀಟು ಖುಷಿ ಆಗ್ಲಿ."

ನನ್ನ ಕೈಯಲ್ಲಿದ್ದ ಪೆನ್ಸಿಲನ್ನು ಅವನ ಎದೆಗೆ ಎಸೆದೆ. "ಇನ್ನೊಂದು ಸಲ ನಮ್ಮಪ್ಪನ ಮೈಮ್ಯಾಲೆ ಇರೂದನ್ನ ನೀನು ತಿದ್ದಬ್ಯಾಡ!" ಎಂದು ಕಿರುಚಿದೆ. ಅವ್ವ ಅಡಿಗೆಮನೆಯಿಂದ ಓಡಿ ಬಂದಳು. ಕಾಕಾನ ಮುಖ ಸುಣ್ಣದಂತಾಯಿತು. ಆರು ತಿಂಗಳು ಎಲ್ಲರೂ ಬಾಯಿಗೆ ತಾರದೆ ಇಟ್ಟುಕೊಂಡಿದ್ದ ಮಾತನ್ನು ನಾನು ಪಡಸಾಲೆಯಲ್ಲಿ ಚೆಲ್ಲಿಬಿಟ್ಟಿದ್ದೆ. ಅದಕ್ಕೆ ಇಂದಿಗೂ ಕ್ಷಮೆ ಕೇಳಿಲ್ಲ.

ಅಪ್ಪ ಗೋಡೆಯಿಂದ ಕೈ ತೆಗೆಯಲಿಲ್ಲ. ತಿರುಗಲೂ ಇಲ್ಲ. ಅವನ ಭುಜ ಒಂದು ಕಡೆ ಜಾರಿದ್ದು ಅಂಗಿಯ ಮೇಲಿಂದಲೂ ಕಾಣುತ್ತಿತ್ತು.

"ಪೆನ್ಸಿಲ್ ಅವನ ಕೈಯಾಗ ಕೊಡು" ಎಂದ.

ಪೆನ್ಸಿಲ್ ನೆಲದ ಮೇಲೇ ಇತ್ತು.

"ಕೊಡು ಅಂದೆ. ಲೇ, ನೀನ ಬಾರಲೇ ಇಲ್ಲಿ. ನನ್ನ ಬೆಳ್ಳು ಎಲ್ಲಿ ಐತೋ ಅಲ್ಲೇ ಗೆರಿ ಎಳಿ. ಒಂದು ಎಳಿ ಮ್ಯಾಲೆ ಹೋತು ಅಂದ್ರ ನಾನು ನಿನ್ನ ಜೋಡಿ ಕೆಲಸಕ್ಕ ಬರೂದಿಲ್ಲ."

ಕಾಕಾ ಕಣ್ಣು ಒರೆಸಿಕೊಂಡು, ಪೆನ್ಸಿಲ್ ಎತ್ತಿಕೊಂಡು ಬಂದ. ಬಹಳ ಹೊತ್ತು ಬಗ್ಗಿ ನೋಡಿ, ಅಪ್ಪನ ನಡುಬೆರಳಿನ ಉಗುರಿನ ಅಂಚಿಗೆ ಸರಿಯಾಗಿ ಗೆರೆ ಎಳೆದ. ಅಪ್ಪ ಕಣ್ಣು ತೆರೆದು ಅದನ್ನು ನೋಡಿದ. ಆರು ವಾರದ ಹಿಂದಿನ ಗುರುತಿನ ಮೇಲೆಯೇ ಬಿದ್ದಿತ್ತು.

"ಇಷ್ಟ ಏನು?"

"ಇಷ್ಟ ಯಣ್ಣಾ."

"ಸರಿ. ನಾಳಿಂದ ಇದಕ್ಕಿಂತ ಕೆಳಗಿನ ಕೆಲಸ ಹಿಡಿ. ನಂಬರ್ ಪ್ಲೇಟು, ಟ್ರೇಲರ್ ಬಾಗಿಲು. ಗ್ವಾಡಿ ಬ್ಯಾಡ."

ಅವ್ವ ಏನೋ ಹೇಳಲು ಬಾಯಿ ತೆರೆದಳು. ಅಪ್ಪ ಎಡಗೈ ಎತ್ತಿ ಸುಮ್ಮನಿರಿಸಿದ. ಆ ಕೈ ಸರಾಗವಾಗಿ ತಲೆಯ ಮೇಲೆ ಎದ್ದಿತು. ಆಮೇಲೆ ಬಲಗೈಯನ್ನು ಗೋಡೆಯಿಂದ ಬಿಡಿಸಿಕೊಂಡು, ಇನ್ನೊಬ್ಬರ ಸಾಮಾನನ್ನು ಇಳಿಸುವಂತೆ ಎಡಗೈಯಿಂದ ಅದನ್ನು ಹಿಡಿದು ಕೆಳಗೆ ಇಳಿಸಿದ. ನಾನು ತಾರೀಕು ಬರೆಯಲಿಲ್ಲ. ಆ ದಿನ ಮತ್ತು ಅದರ ಮುಂದಿನ ಹದಿನೇಳು ದಿನ ನೋಟ್‌ಬುಕ್ಕಿನಲ್ಲಿ ಖಾಲಿ.